ತಪ್ಪಿದ ಲೆಕ್ಕ

ಲೆಕ್ಕ ಸರಿಯಾದಾಗ ಅದನ್ನು ಮಾಡಿದವರ ಹೆಸರು ಉಳಿಯುವುದು ಲೋಕದಲ್ಲಿ ಸಾಮಾನ್ಯ. ಲೆಕ್ಕವೊಂದು ಪೂರ್ತಿಯಾಗಿ ತಪ್ಪಿಹೋಗಿ, ಆ ತಪ್ಪಿನಿಂದಲೇ ಅದನ್ನು ಮಾಡಿದವರ ಹೆಸರು ಸ್ಥಿರವಾಗಿ ನಿಲ್ಲುವುದು ಅಪರೂಪ. ಅಂಥ ಲೆಕ್ಕವೊಂದನ್ನು ಮಾಡಿ, ಅದರ ಒಂದು ಅಂಕಿಯನ್ನೂ ಬಚ್ಚಿಡದೆ ಅಚ್ಚು ಹಾಕಿಸಿದವರು ಲೂಯಿಸ್ ಫ್ರೈ ರಿಚರ್ಡ್‌ಸನ್ ಎಂಬ ಆಂಗ್ಲ ವಿಜ್ಞಾನಿ. ಇಂದು ಅಣೆಕಟ್ಟು, ಸೇತುವೆ, ವಿಮಾನಗಳ ಬಲಾಬಲವನ್ನು ಕಟ್ಟುವುದಕ್ಕೆ ಮೊದಲೇ ಗಣಕಯಂತ್ರದಲ್ಲಿ ಪರೀಕ್ಷಿಸುವ ಎಂಜಿನಿಯರುಗಳೂ, ನಾಳಿನ ಮಳೆಯನ್ನು ಇಂದೇ ತಿಳಿಸುವ ಹವಾಮಾನ ತಜ್ಞರೂ ಅವರು ತೆರೆದ ದಾರಿಯಲ್ಲಿಯೇ ನಡೆಯುತ್ತಿದ್ದಾರೆ.

ರಿಚರ್ಡ್‌ಸನ್ 1881ರ ಅಕ್ಟೋಬರ್ 11ರಂದು ಇಂಗ್ಲೆಂಡಿನ ಈಶಾನ್ಯ ಭಾಗದಲ್ಲಿ, ಟೈನ್ ನದಿಯ ದಡದಲ್ಲಿರುವ ನ್ಯೂಕಾಸಲ್ ನಗರದಲ್ಲಿ ಜನಿಸಿದರು. ತಂದೆ ಡೇವಿಡ್ ರಿಚರ್ಡ್‌ಸನ್ ಚರ್ಮ ಹದಮಾಡುವ ಉದ್ಯಮವನ್ನು ನಡೆಸುತ್ತಿದ್ದರು. ಏಳು ಮಂದಿ ಮಕ್ಕಳಲ್ಲಿ ಲೂಯಿಸ್ ಕಿರಿಯವರು. ಮನೆತನ ಕ್ವೇಕರ್ ಪಂಥಕ್ಕೆ ಸೇರಿದುದು. ಯಾವ ಕಾರಣಕ್ಕೂ ಆಯುಧ ಹಿಡಿಯಬಾರದು, ಕಂಡ ಸತ್ಯವನ್ನು ಮರೆಮಾಚಬಾರದು ಎಂಬುದು ಆ ಪಂಥದ ನಿಷ್ಠೆ. ಇವೆರಡೂ ಬಾಲಕನ ಮನಸ್ಸಿನಲ್ಲಿ ಬೇರೂರಿದವು. ಯಾರ್ಕ್ ನಗರದ ಕ್ವೇಕರ್ ಶಾಲೆಯಲ್ಲಿಯೂ ನ್ಯೂಕಾಸಲ್ಲಿನ ಕಾಲೇಜಿನಲ್ಲಿಯೂ ಓದಿದ ಮೇಲೆ ಅವರು ಕೇಂಬ್ರಿಜ್ ವಿಶ್ವವಿದ್ಯಾಲಯದ ಕಿಂಗ್ಸ್ ಕಾಲೇಜನ್ನು ಸೇರಿ, 1903ರಲ್ಲಿ ಪ್ರಕೃತಿ ವಿಜ್ಞಾನದಲ್ಲಿ ಪ್ರಥಮ ದರ್ಜೆಯ ಪದವಿಯನ್ನು ಪಡೆದರು. 1909ರಲ್ಲಿ ಡೊರೊಥಿ ಗಾರ್ನೆಟ್ ಎಂಬುವರೊಡನೆ ಅವರ ವಿವಾಹವಾಯಿತು.

ವಿದ್ಯಾಭ್ಯಾಸ ಮುಗಿದ ಹತ್ತು ವರ್ಷಗಳಲ್ಲಿ ಅವರು ಮಾಡಿದ ಉದ್ಯೋಗಗಳು ಒಂದೆರಡಲ್ಲ. ರಾಷ್ಟ್ರೀಯ ಭೌತಿಕ ಪ್ರಯೋಗಾಲಯದಲ್ಲಿ ಕೆಲಕಾಲ, ವೇಲ್ಸ್ ಪ್ರಾಂತದ ಕಾಲೇಜೊಂದರಲ್ಲಿ ಕೆಲಕಾಲ, ವಿದ್ಯುದ್ದೀಪ ತಯಾರಿಸುವ ಕಂಪೆನಿಯಲ್ಲಿ ಕೆಲಕಾಲ ದುಡಿದರು. ಇವುಗಳಲ್ಲಿ ಅವರ ಜೀವನದ ದಿಕ್ಕನ್ನು ನಿರ್ಧರಿಸಿದುದು 1906ರಿಂದ 1907ರವರೆಗೆ ಪೀಟ್ ಉದ್ಯಮವೊಂದರಲ್ಲಿ ಮಾಡಿದ ಕೆಲಸ. ಜೌಗು ನೆಲದಲ್ಲಿ ಸಸ್ಯಗಳು ಸಾವಿರಾರು ವರ್ಷ ಕೊಳೆತು ಉಂಟಾಗುವ ಕಪ್ಪು ಮಣ್ಣಿಗೆ ಪೀಟ್ ಎಂದು ಹೆಸರು. ಒಣಗಿಸಿದರೆ ಅದು ಉರುವಲಾಗುತ್ತದೆ. ಒಣಗಿಸುವುದಕ್ಕೆ ಮೊದಲು ಜೌಗಿನಲ್ಲಿ ಕಾಲುವೆಗಳನ್ನು ತೋಡಿ ನೀರನ್ನು ಹರಿಯಿಸಬೇಕು. ಮಳೆಯ ನೀರು ಮಣ್ಣಿನೊಳಗೆ ಹೇಗೆ ಹರಿಯುತ್ತದೆ? ಕಾಲುವೆಗಳನ್ನು ಎಲ್ಲಿ, ಎಷ್ಟು ಆಳಕ್ಕೆ ತೋಡಬೇಕು? ಈ ಪ್ರಶ್ನೆ ಯುವಕ ರಿಚರ್ಡ್‌ಸನ್ನರ ಪಾಲಿಗೆ ಬಂದಿತು.

ಸಮಸ್ಯೆಗೆ ಸಮೀಕರಣವೇನೋ ಇತ್ತು. ಒಂದು ರಾಶಿ ಸ್ಥಳದಿಂದ ಸ್ಥಳಕ್ಕೂ ಕ್ಷಣದಿಂದ ಕ್ಷಣಕ್ಕೂ ಹೇಗೆ ಬದಲಾಗುತ್ತದೆಂದು ಹೇಳುವ ಇಂಥ ಸಮೀಕರಣಗಳಿಗೆ ಅವಕಲ ಸಮೀಕರಣಗಳೆಂದು ಹೆಸರು. ನೀರಿನ ಹರಿವು, ಶಾಖದ ಪ್ರಸರಣ, ಕಲ್ಲುಕಟ್ಟಡದೊಳಗಿನ ಒತ್ತಡ, ಗಾಳಿಯ ಚಲನೆ ಇವೆಲ್ಲವೂ ಈ ಜಾತಿಯ ಸಮೀಕರಣಗಳಿಗೆ ಒಳಪಟ್ಟಿವೆ. ಆದರೆ ಇವುಗಳನ್ನು ಬಿಡಿಸುವುದು ಸುಲಭವಲ್ಲ. ನೆಲ ಪೂರ್ಣ ವೃತ್ತದ ಆಕಾರದಲ್ಲಿಯೋ ಚೌಕದ ಆಕಾರದಲ್ಲಿಯೋ ಇದ್ದರೆ ಗಣಿತಜ್ಞರು ಅಂದವಾದ ಸೂತ್ರವನ್ನು ಕೊಡಬಲ್ಲರು. ನಿಜವಾದ ಜೌಗು ಯಾವ ಗಣಿತಜ್ಞನ ಅನುಕೂಲವನ್ನೂ ನೋಡಿ ಹುಟ್ಟಿದುದಲ್ಲ. ರಿಚರ್ಡ್‌ಸನ್ ಸೂತ್ರದ ಆಸೆಯನ್ನು ಬಿಟ್ಟು ಬೇರೊಂದು ಉಪಾಯವನ್ನು ಕೈಕೊಂಡರು. ಪ್ರದೇಶದ ನಕ್ಷೆಯ ಮೇಲೆ ಅಡ್ಡಗೆರೆ ಉದ್ದಗೆರೆಗಳನ್ನು ಎಳೆದು ಚೌಕಳಿಯನ್ನು ಮಾಡಬೇಕು. ಗೆರೆಗಳು ಕೂಡುವ ಪ್ರತಿಯೊಂದು ಬಿಂದುವಿನಲ್ಲಿಯೂ ಒಂದು ಸಂಖ್ಯೆಯನ್ನು ಅಂದಾಜಿನಿಂದ ಬರೆಯಬೇಕು. ಆ ಸಂಖ್ಯೆ ತನ್ನ ನೆರೆಹೊರೆಯ ಸಂಖ್ಯೆಗಳೊಡನೆ ಸಮೀಕರಣ ಹೇಳಿದಂತೆ ಹೊಂದಿಕೊಂಡಿದೆಯೇ ಎಂದು ನೋಡಬೇಕು. ಹೊಂದದಿದ್ದರೆ ತಿದ್ದಬೇಕು, ತಿದ್ದಿದ ಮೇಲೆ ನೆರೆಯ ಬಿಂದು ತಪ್ಪಾಗುತ್ತದೆ, ಅದನ್ನೂ ತಿದ್ದಬೇಕು. ಹೀಗೆ ಸುತ್ತಿ ಸುತ್ತಿ ತಿದ್ದುತ್ತ ಹೋದರೆ ಉಳಿಯುವ ವ್ಯತ್ಯಾಸ ಕ್ರಮೇಣ ಕುಗ್ಗಿ ಅತ್ಯಲ್ಪವಾಗುತ್ತದೆ. ಆಗ ಚೌಕಳಿಯ ಮೇಲೆ ಉಳಿದ ಸಂಖ್ಯೆಗಳೇ ಉತ್ತರ. ಕೂಡುವುದು, ಕಳೆಯುವುದು, ಗುಣಿಸುವುದು ಇಷ್ಟನ್ನು ಬಲ್ಲವರು ಯಾರೇ ಆದರೂ ಈ ಕೆಲಸವನ್ನು ಮಾಡಬಹುದು. ಬೇಕಾದುದು ತಾಳ್ಮೆ ಮಾತ್ರ.

ಈ ವಿಧಾನವನ್ನು ಅವರು ಒಂದು ದೊಡ್ಡ ಸಮಸ್ಯೆಗೆ ಅನ್ವಯಿಸಿದರು. ಈಜಿಪ್ಟಿನಲ್ಲಿ ನೈಲ್ ನದಿಗೆ ಅಡ್ಡಲಾಗಿ ಅಸ್ವಾನ್ ಎಂಬಲ್ಲಿ ಕಟ್ಟಿದ ಕಲ್ಲಿನ ಅಣೆಕಟ್ಟು 1902ರಲ್ಲಿ ಪೂರ್ಣಗೊಂಡಿತ್ತು. ಕಲ್ಲುಗಾರೆಯ ಕಟ್ಟಡ ಅದುಮುವ ಬಲವನ್ನು ಚೆನ್ನಾಗಿ ತಾಳುತ್ತದೆ, ಎಳೆಯುವ ಬಲವನ್ನು ತಾಳುವುದಿಲ್ಲ. ಹಿಂದೆ ನಿಂತ ನೀರಿನ ಭಾರಕ್ಕೆ ಅಣೆಕಟ್ಟಿನ ಒಡಲಿನಲ್ಲಿ ಎಲ್ಲೆಲ್ಲಿ ಎಂಥ ಬಲಗಳು ಉಂಟಾಗುತ್ತವೆ ಎಂಬ ವಿಷಯದಲ್ಲಿ ಆಗ ವಿದ್ವಾಂಸರಲ್ಲಿ ತೀವ್ರವಾದ ಚರ್ಚೆ ನಡೆಯುತ್ತಿತ್ತು. ರಿಚರ್ಡ್‌ಸನ್ ಅಣೆಕಟ್ಟಿನ ಅಡ್ಡಕೊಯ್ತದ ಮೇಲೆ ಚೌಕಳಿಯನ್ನು ಹಾಸಿ ಲೆಕ್ಕಕ್ಕೆ ತೊಡಗಿದರು. ಲೆಕ್ಕ ಮಾಡಲು ಹುಡುಗರನ್ನು ನೇಮಿಸಿಕೊಂಡು ಬಿಂದುವಿಗಿಷ್ಟು ಎಂದು ಕೂಲಿ ಕೊಟ್ಟರು. ಮೂರಂಕಿಯ ಸಂಖ್ಯೆಗಳಾದರೆ ಆರು ಬಿಂದುಗಳಿಗೆ ಒಂದು ಪೆನ್ನಿ. ಬಹು ಚುರುಕಾದ ಹುಡುಗನೊಬ್ಬ ವಾರಕ್ಕೆ ಎರಡು ಸಾವಿರ ಬಿಂದುಗಳ ಲೆಕ್ಕವನ್ನು ಮಾಡುತ್ತಿದ್ದನಂತೆ. ತಪ್ಪಾದುವು ಎಣಿಕೆಗೆ ಬರುತ್ತಿರಲಿಲ್ಲ, ಅವುಗಳಿಗೆ ಕೂಲಿಯೂ ಇರಲಿಲ್ಲ. ಹುಡುಗರು ಹೆಚ್ಚಾಗಿ ಎಡವುತ್ತಿದ್ದುದು ಕೂಡುವ ಕಳೆಯುವ ಚಿಹ್ನೆಗಳು ಬೆರೆತ ಕಡೆಯಲ್ಲಿ. ಇದನ್ನೂ ರಿಚರ್ಡ್‌ಸನ್ ತಮ್ಮ ಪ್ರಬಂಧದಲ್ಲಿ ಬರೆದಿಟ್ಟರು. ಎಂಥ ತಪ್ಪು ಎಲ್ಲಿ ನುಸುಳುತ್ತದೆ ಎಂದು ತಿಳಿಯುವುದು ಲೆಕ್ಕದ ಒಂದು ಅಂಗವೆಂದೇ ಅವರು ಭಾವಿಸಿದ್ದರೆಂಬುದಕ್ಕೆ ಇದೊಂದು ಸಾಕ್ಷಿ.

1910ರಲ್ಲಿ ಈ ಪ್ರಬಂಧ ರಾಯಲ್ ಸೊಸೈಟಿಯ ಮುಂದೆ ಬಂದಿತು. ಇದೇ ಕೃತಿಯನ್ನು ಆಧಾರವಾಗಿಟ್ಟುಕೊಂಡು ಅವರು ಕಿಂಗ್ಸ್ ಕಾಲೇಜಿನ ಫೆಲೋ ಸ್ಥಾನಕ್ಕೆ ಪ್ರಯತ್ನಿಸಿದರು; ಅದು ದೊರೆಯಲಿಲ್ಲ. ಅಂದಾಜಿನ ಉತ್ತರವನ್ನು ಕೊಡುವ ಗಣಿತಕ್ಕೆ ಆ ಕಾಲದ ಪಂಡಿತರಲ್ಲಿ ಮನ್ನಣೆ ಕಡಿಮೆ.

ಅಂದಾಜು ಎಂಬ ಮಾತನ್ನು ರಿಚರ್ಡ್‌ಸನ್ ಹಗುರವಾಗಿ ತೆಗೆದುಕೊಂಡವರಲ್ಲ. ಚೌಕಳಿಯ ಮನೆಗಳು ದೊಡ್ಡದಾದಷ್ಟೂ ಉತ್ತರ ಒರಟಾಗುತ್ತದೆ, ಚಿಕ್ಕದಾದಷ್ಟೂ ನಯವಾಗುತ್ತದೆ. ಆದರೆ ಮನೆಗಳನ್ನು ಚಿಕ್ಕದು ಮಾಡಿದಂತೆಲ್ಲ ಕೂಲಿಯ ಖರ್ಚು ಏರುತ್ತದೆ. ಆದುದರಿಂದ ಒರಟು ಚೌಕಳಿಯಲ್ಲಿ ಒಂದು ಸಲ, ಅದಕ್ಕಿಂತ ನಯವಾದ ಚೌಕಳಿಯಲ್ಲಿ ಇನ್ನೊಂದು ಸಲ ಲೆಕ್ಕ ಮಾಡಿ, ಎರಡೂ ಉತ್ತರಗಳ ಅಂತರದಿಂದ ಉಳಿದ ತಪ್ಪನ್ನು ಅಳೆದು ನಿಜವಾದ ಉತ್ತರದ ಹತ್ತಿರಕ್ಕೆ ಹೋಗುವ ಒಂದು ಮಾರ್ಗವನ್ನು ಅವರು ರೂಪಿಸಿದರು. ಅದರ ಸೊಗಸನ್ನು ಒಂದು ಸರಳವಾದ ಉದಾಹರಣೆಯಿಂದ ಅರಿಯಬಹುದು. ವೃತ್ತದೊಳಗೆ ಚೌಕವನ್ನು ರಚಿಸಿ, ಅದರ ಸುತ್ತಳತೆಯನ್ನು ವೃತ್ತದ ವ್ಯಾಸದಿಂದ ಭಾಗಿಸಿದರೆ 2.828 ಬರುತ್ತದೆ. ಷಟ್ಕೋನವನ್ನು ರಚಿಸಿದರೆ 3 ಬರುತ್ತದೆ. ಎರಡೂ ಪೈ ಎಂಬ ಸಂಖ್ಯೆಗೆ ದೂರವೇ. ಆದರೆ ಇಲ್ಲಿಯ ತಪ್ಪು ಬಾಹುಗಳ ಸಂಖ್ಯೆಯ ವರ್ಗಕ್ಕೆ ವಿಲೋಮವಾಗಿ ಇಳಿಯುತ್ತದೆ ಎಂಬುದನ್ನು ನೆನಪಿಟ್ಟು, 36ರಿಂದ 3ನ್ನೂ 16ರಿಂದ 2.828ನ್ನೂ ಗುಣಿಸಿ, ಒಂದರಿಂದ ಇನ್ನೊಂದನ್ನು ಕಳೆದು, 20ರಿಂದ ಭಾಗಿಸಿದರೆ 3.137 ದೊರೆಯುತ್ತದೆ. ಎರಡು ಒರಟು ಉತ್ತರಗಳು ಕೂಡಿ ಒಂದು ನಯವಾದ ಉತ್ತರವನ್ನು ಕೊಟ್ಟವು. ಈ ಮಾರ್ಗವನ್ನು ಅವರು 1927ರಲ್ಲಿ ಇನ್ನಷ್ಟು ವಿಸ್ತರಿಸಿ ಪ್ರಕಟಿಸಿದರು. ಅದು ಇಂದಿಗೂ ಅವರ ಹೆಸರಿನಿಂದಲೇ ಪ್ರಸಿದ್ಧವಾಗಿದೆ. ಗಣಕಯಂತ್ರದ ಉತ್ತರವನ್ನು ಎಷ್ಟರಮಟ್ಟಿಗೆ ನಂಬಬಹುದೆಂದು ಎಂಜಿನಿಯರುಗಳು ಅಳೆಯುವುದು ಅನೇಕ ಸಲ ಇದೇ ಅಳತೆಗೋಲಿನಿಂದ.

1912ರ ಏಪ್ರಿಲಿನಲ್ಲಿ ಟೈಟಾನಿಕ್ ಹಡಗು ಹಿಮಗಡ್ಡೆಗೆ ಬಡಿದು ಮುಳುಗಿತು. ಅದಾದ ಕೆಲವೇ ದಿನಗಳಲ್ಲಿ ರಿಚರ್ಡ್‌ಸನ್ ಶಬ್ದದ ಪ್ರತಿಧ್ವನಿಯಿಂದ ಹಿಮಗಡ್ಡೆಗಳನ್ನು ಗುರುತಿಸುವ ಉಪಾಯಕ್ಕೆ ಹಕ್ಕುಪತ್ರವನ್ನು ಕೋರಿದರೆಂಬುದು ಅವರ ಬುದ್ಧಿಯ ಚುರುಕನ್ನು ತೋರಿಸುತ್ತದೆ. ಆದರೆ ಅವರ ಮನಸ್ಸು ಆ ವೇಳೆಗೆ ಬೇರೊಂದು ದೊಡ್ಡ ವಿಷಯದ ಕಡೆಗೆ ತಿರುಗಿತ್ತು. ಆಕಾಶದಲ್ಲಿ ಬೀಸುವ ಗಾಳಿಯೂ ಭೌತಶಾಸ್ತ್ರದ ನಿಯಮಗಳಿಗೆ ಒಳಪಟ್ಟಿದೆ. ಹಾಗಿದ್ದ ಮೇಲೆ ಇಂದಿನ ಗಾಳಿ, ಒತ್ತಡ, ಉಷ್ಣತೆಗಳನ್ನು ಅಳೆದು, ಚೌಕಳಿಯ ಮೇಲೆ ಬರೆದು, ಅಣೆಕಟ್ಟಿನ ಲೆಕ್ಕವನ್ನು ಮಾಡಿದಂತೆಯೇ ನಾಳಿನ ಹವಾಮಾನವನ್ನು ಏಕೆ ಲೆಕ್ಕ ಮಾಡಬಾರದು? ನಾರ್ವೆಯ ವಿಜ್ಞಾನಿ ವಿಲ್‌ಹೆಲ್ಮ್ ಬ್ಯರ್ಕ್ನೆಸ್ 1904ರಲ್ಲಿಯೇ ಇದು ತಾತ್ವಿಕವಾಗಿ ಸಾಧ್ಯವೆಂದು ತೋರಿಸಿದ್ದರು. ಕೈಯಾರೆ ಮಾಡಿ ನೋಡಿದವರು ಯಾರೂ ಇರಲಿಲ್ಲ. 1913ರಲ್ಲಿ ರಿಚರ್ಡ್‌ಸನ್ ಬ್ರಿಟನ್ನಿನ ಹವಾಮಾನ ಇಲಾಖೆಯನ್ನು ಸೇರಿ, ಸ್ಕಾಟ್ಲೆಂಡಿನ ಬೆಟ್ಟಗಳ ನಡುವಿನ ಎಸ್ಕ್‌ಡೇಲ್‌ಮ್ಯೂರ್ ವೀಕ್ಷಣಾಲಯದ ಮೇಲ್ವಿಚಾರಕರಾದರು. ಜನಸಂಚಾರ ಕಡಿಮೆಯಾದ ಆ ಸ್ಥಳ ಅವರ ಚಿಂತನೆಗೆ ಅನುಕೂಲವಾಗಿತ್ತು.

ಅಷ್ಟರಲ್ಲಿ ಮೊದಲನೆಯ ಮಹಾಯುದ್ಧ ಆರಂಭವಾಯಿತು. ಆಯುಧ ಹಿಡಿಯುವುದು ಅವರ ಧರ್ಮಕ್ಕೆ ವಿರೋಧ. ಆದರೆ ಲಕ್ಷಾಂತರ ಜನ ಸಾಯುತ್ತಿರುವಾಗ ಬೆಟ್ಟದ ಮೇಲೆ ಸುರಕ್ಷಿತವಾಗಿ ಕುಳಿತಿರುವುದೂ ಅವರ ಮನಸ್ಸಿಗೆ ಒಗ್ಗಲಿಲ್ಲ. 1916ರಲ್ಲಿ ಹುದ್ದೆಗೆ ರಾಜೀನಾಮೆ ಕೊಟ್ಟು, ಕ್ವೇಕರರು ನಡೆಸುತ್ತಿದ್ದ ಆಂಬುಲೆನ್ಸ್ ದಳವನ್ನು ಸೇರಿ ಫ್ರಾನ್ಸಿಗೆ ತೆರಳಿದರು. ಫ್ರೆಂಚ್ ಪದಾತಿದಳದ ಹಿಂದೆ ನಿಂತು, ಗುಂಡುಗಳು ಬೀಳುತ್ತಿದ್ದ ರಸ್ತೆಗಳಲ್ಲಿ ಗಾಯಗೊಂಡವರನ್ನು ಮೋಟಾರಿನಲ್ಲಿ ಸಾಗಿಸುವುದು ಅವರ ಕೆಲಸ. ಬಿಡುವು ದೊರೆತಾಗ ಲೆಕ್ಕ. ತಣ್ಣನೆಯ ತಂಗುದಾಣದಲ್ಲಿ ಹುಲ್ಲಿನ ರಾಶಿಯೇ ಅವರ ಕಚೇರಿ. ಕೈಯಲ್ಲಿ ಸ್ಲೈಡ್ ರೂಲ್ ಎಂಬ ಲೆಕ್ಕದ ಪಟ್ಟಿ.

ಲೆಕ್ಕಕ್ಕೆ ಅವರು ಆರಿಸಿಕೊಂಡ ದಿನ 1910ರ ಮೇ 20. ಆ ದಿನ ಯೂರೋಪಿನ ಅನೇಕ ಸ್ಥಳಗಳಲ್ಲಿ ಬಲೂನುಗಳನ್ನು ಹಾರಿಸಿ ಮೇಲಿನ ಗಾಳಿಯನ್ನು ಅಳೆದಿದ್ದರು, ಬ್ಯರ್ಕ್ನೆಸ್ ಅದರ ನಕ್ಷೆಗಳನ್ನು ಪ್ರಕಟಿಸಿದ್ದರು. ಮುಂದೇನಾಯಿತೆಂಬುದು ಗೊತ್ತಿದ್ದ ಹಳೆಯ ದಿನವನ್ನು ಆರಿಸಿಕೊಂಡುದರಲ್ಲಿ ಜಾಣತನವಿತ್ತು. ಲೆಕ್ಕದ ಉತ್ತರವನ್ನು ವಾಸ್ತವದೊಡನೆ ಒರೆಗೆ ಹಚ್ಚಿ ನೋಡಬಹುದಾಗಿತ್ತು. ರಿಚರ್ಡ್‌ಸನ್ ನಕ್ಷೆಯನ್ನು ಚದುರಂಗದ ಹಲಗೆಯಂತೆ ಮನೆಗಳಾಗಿ ವಿಂಗಡಿಸಿದರು. ಒಂದೊಂದು ಮನೆಯೂ ಸುಮಾರು 200 ಕಿಲೋಮೀಟರ್ ಅಗಲ. ಪ್ರತಿ ಮನೆಯ ಮೇಲಿನ ವಾಯುಸ್ತಂಭವನ್ನು ಐದು ಪದರಗಳಾಗಿ ಭಾಗಿಸಿದರು. ಕಾಲದ ಹೆಜ್ಜೆ ಮೂರು ಗಂಟೆ. ಇಡೀ ಯೂರೋಪಿನ ಲೆಕ್ಕ ಒಬ್ಬರಿಂದ ಆಗುವಂತಿರಲಿಲ್ಲ. ಆದುದರಿಂದ ದಕ್ಷಿಣ ಜರ್ಮನಿಯ ಮ್ಯೂನಿಕ್ ನಗರದ ಸುತ್ತಲಿನ ಎರಡೇ ಸ್ತಂಭಗಳಲ್ಲಿ ಆರು ಗಂಟೆಗಳ ಅವಧಿಯಲ್ಲಿ ಏನಾಗುತ್ತದೆಂದು ಕಂಡುಹಿಡಿಯಲು ಹೊರಟರು. ಇಷ್ಟಕ್ಕೇ ಸುಮಾರು ಆರು ವಾರಗಳ ದುಡಿಮೆ ಹಿಡಿಯಿತು. 1917ರ ಏಪ್ರಿಲಿನಲ್ಲಿ ಷಾಂಪೇನ್ ಪ್ರದೇಶದ ಕದನದ ಕಾಲದಲ್ಲಿ ಹಸ್ತಪ್ರತಿಯನ್ನು ಸುರಕ್ಷತೆಗೆಂದು ಹಿಂದಕ್ಕೆ ಕಳುಹಿಸಲಾಯಿತು. ಅಲ್ಲಿ ಅದು ಕಳೆದೇ ಹೋಯಿತು. ಕೆಲವು ತಿಂಗಳ ಮೇಲೆ ಬೆಲ್ಜಿಯಂ ದೇಶದಲ್ಲಿ ಕಲ್ಲಿದ್ದಲಿನ ರಾಶಿಯ ಅಡಿಯಲ್ಲಿ ಸಿಕ್ಕಿತು. ಸಿಗದೆ ಹೋಗಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ.

ಉತ್ತರವೇನು ಬಂದಿತು? ಆ ಸ್ಥಳದಲ್ಲಿ ಆರು ಗಂಟೆಗಳೊಳಗೆ ವಾಯುವಿನ ಒತ್ತಡ 145 ಮಿಲಿಬಾರ್ ಏರಬೇಕೆಂದು ಲೆಕ್ಕ ಹೇಳಿತು. ಸಮುದ್ರಮಟ್ಟದಲ್ಲಿ ವಾಯುವಿನ ಒತ್ತಡ ಸಾಮಾನ್ಯವಾಗಿ 1013 ಮಿಲಿಬಾರ್. ಅತಿ ಭೀಕರವಾದ ಚಂಡಮಾರುತದ ನಡುವಿನಲ್ಲಿಯೂ ಇದು ನೂರರಷ್ಟು ಕುಸಿದರೆ ಅದು ದೊಡ್ಡ ಸಂಗತಿ. ವಾಸ್ತವವಾಗಿ 1910ರ ಮೇ 20ರ ಬೆಳಗ್ಗೆ ಆ ಪ್ರದೇಶದಲ್ಲಿ ಒತ್ತಡ ಹೆಚ್ಚುಕಡಿಮೆ ನಿಶ್ಚಲವಾಗಿತ್ತು. ಲೆಕ್ಕ ಸ್ವಲ್ಪ ತಪ್ಪಿದುದಲ್ಲ, ಅಸಂಬದ್ಧವೇ ಆಗಿತ್ತು.

ಬೇರೆಯವರಾಗಿದ್ದರೆ ಕಾಗದಗಳನ್ನು ಮಡಿಸಿ ಪೆಟ್ಟಿಗೆಯಲ್ಲಿಡುತ್ತಿದ್ದರೋ ಏನೋ. ರಿಚರ್ಡ್‌ಸನ್ 1922ರಲ್ಲಿ ಕೇಂಬ್ರಿಜ್ ವಿಶ್ವವಿದ್ಯಾಲಯದ ಮುದ್ರಣಾಲಯದ ಮೂಲಕ ತಮ್ಮ ಗ್ರಂಥವನ್ನು ಹೊರತಂದಾಗ, ಆ ತಪ್ಪಿದ ಲೆಕ್ಕಕ್ಕೆ ಒಂದು ಇಡೀ ಅಧ್ಯಾಯವನ್ನು ಮೀಸಲಿಟ್ಟರು. ಲೆಕ್ಕದ ಪ್ರತಿಯೊಂದು ಹೆಜ್ಜೆಯನ್ನೂ 23 ನಮೂನೆಗಳಲ್ಲಿ ಅಂಕಿಗಳ ಸಮೇತ ಅಚ್ಚು ಹಾಕಿಸಿದರು. ಮೊದಲು ತೆಗೆದುಕೊಂಡ ಅಳತೆ ಯಾವುದು, ಅದರಿಂದ ಬಂದುದು ಯಾವುದು, ಯಾವ ಸಂಖ್ಯೆ ಯಾವ ಅಂಕಣದಿಂದ ಯಾವ ಅಂಕಣಕ್ಕೆ ಹೋಯಿತು ಎಂಬುದನ್ನು ಓದುವವರು ಬೆರಳಿಟ್ಟು ಹಿಂಬಾಲಿಸಬಹುದಾಗಿತ್ತು. ಅದೇ ಗ್ರಂಥದಲ್ಲಿ ಒಂದು ಕನಸನ್ನೂ ಚಿತ್ರಿಸಿದರು: ಒಳಗೋಡೆಯ ಮೇಲೆ ಭೂಪಟವನ್ನು ಬರೆದ ಬೃಹತ್ತಾದ ಗೋಳಾಕಾರದ ಸಭಾಂಗಣ, ಅದರಲ್ಲಿ 64,000 ಮಂದಿ ಲೆಕ್ಕಿಗರು ತಮ್ಮ ತಮ್ಮ ಮನೆಯ ಲೆಕ್ಕವನ್ನು ಮಾಡುತ್ತಿದ್ದಾರೆ, ನಡುವಿನ ಎತ್ತರದ ಪೀಠದಲ್ಲಿ ಕುಳಿತ ಮುಖ್ಯಸ್ಥ, ಮುಂದೆ ಓಡುವವರ ಮೇಲೆ ಕೆಂಪು ಬೆಳಕನ್ನೂ ಹಿಂದೆ ಬಿದ್ದವರ ಮೇಲೆ ನೀಲಿ ಬೆಳಕನ್ನೂ ಬೀರಿ ಎಲ್ಲರನ್ನೂ ಒಂದೇ ಲಯದಲ್ಲಿ ನಡೆಸುತ್ತಿದ್ದಾನೆ. ವಿಮರ್ಶಕರು ಗ್ರಂಥವನ್ನು ಗೌರವದಿಂದ ಕಂಡರು, ವ್ಯವಹಾರಕ್ಕೆ ಒದಗದೆಂದು ಬದಿಗಿಟ್ಟರು.

ತಪ್ಪು ಎಲ್ಲಿತ್ತು? ಇದನ್ನು ವಿವೇಚಿಸುವುದಕ್ಕೆ ಇಂದಿನ ಎಂಜಿನಿಯರನ ಕೋಣೆಗೆ ಒಮ್ಮೆ ಹೋಗಿಬರಬೇಕು. ಇಂದು ಸೇತುವೆಯ ತೊಲೆಯನ್ನಾಗಲಿ ಕೊಳವೆಯಲ್ಲಿ ಹರಿಯುವ ಎಣ್ಣೆಯನ್ನಾಗಲಿ ಗಣಕಯಂತ್ರದ ತಂತ್ರಾಂಶ ಲಕ್ಷಾಂತರ ಸಣ್ಣ ಮನೆಗಳಾಗಿ ವಿಂಗಡಿಸುತ್ತದೆ. ಸಾಲ್ವರ್ ಎಂದು ಕರೆಯಲಾಗುವ ಅದರ ಭಾಗವೊಂದು ರಿಚರ್ಡ್‌ಸನ್ನರ ಹುಡುಗರಂತೆಯೇ ಸುತ್ತಿ ಸುತ್ತಿ ತಿದ್ದುತ್ತದೆ. ಉಳಿದ ವ್ಯತ್ಯಾಸ ಕುಗ್ಗುತ್ತ ಬಂದರೆ ಒಳ್ಳೆಯದು. ಕೆಲವು ಸಲ ಅದು ಕುಗ್ಗುವ ಬದಲು ಹಿಗ್ಗುತ್ತದೆ. ಸಂಖ್ಯೆಗಳು ಮಿತಿಮೀರಿ ಬೆಳೆದು ಯಂತ್ರ ದೋಷಸೂಚನೆಯನ್ನು ಕೊಟ್ಟು ನಿಂತುಬಿಡುತ್ತದೆ. ಅನುಭವವಿಲ್ಲದವನು ಕೈಗೆ ಸಿಕ್ಕಿದ ಅಂಕಿಯನ್ನೆಲ್ಲ ಬದಲಾಯಿಸಿ ಮತ್ತೆ ಮತ್ತೆ ಓಡಿಸಿ ನೋಡುತ್ತಾನೆ. ಅನುಭವಿಯಾದವನು ಶಂಕೆಯನ್ನು ಒಂದೊಂದಾಗಿ ಪರಿಶೀಲಿಸುತ್ತಾನೆ. ಕೊಟ್ಟ ಅಳತೆಗಳು ಸರಿಯೇ, ಮೀಟರ್ ಇರಬೇಕಾದಲ್ಲಿ ಮಿಲಿಮೀಟರ್ ಬಂದಿದೆಯೇ? ಅಂಚುಗಳಲ್ಲಿ ಹಾಕಿದ ಕಟ್ಟುಗಳು ಸರಿಯೇ? ಯಾವುದಾದರೂ ಮನೆ ಸೊಟ್ಟಗಾಗಿದೆಯೇ? ಕಾಲದ ಹೆಜ್ಜೆ ಉದ್ದವಾಯಿತೇ? ಸಮೀಕರಣವೇ ಈ ಸಮಸ್ಯೆಗೆ ಹೊಂದದೆ? ಒಂದು ಸಲಕ್ಕೆ ಒಂದನ್ನು ಮಾತ್ರ ಬದಲಾಯಿಸಿ, ಬದಲಾಯಿಸಿದುದನ್ನು ಬರೆದಿಡುತ್ತಾನೆ. ನಿಂತುಹೋದ ಲೆಕ್ಕಕ್ಕಿಂತಲೂ ಅಪಾಯಕಾರಿಯಾದುದು ನಿಲ್ಲದೆ ಓಡಿ, ನಂಬುವಂತೆ ಕಾಣುವ ತಪ್ಪು ಉತ್ತರವನ್ನು ಕೊಡುವ ಲೆಕ್ಕ. 145 ಮಿಲಿಬಾರ್ ಎಂಬ ಉತ್ತರ ತನ್ನ ತಪ್ಪನ್ನು ತಾನೇ ಸಾರಿಕೊಂಡಿತು.

ರಿಚರ್ಡ್‌ಸನ್ ಇದೇ ರೀತಿಯಾಗಿ ಶೋಧಿಸಿದರು. ಅವರ ಶಂಕೆ ಸಮೀಕರಣಗಳ ಮೇಲೆ ನಿಲ್ಲಲಿಲ್ಲ. ಮೊದಲಿಗೆ ತೆಗೆದುಕೊಂಡ ಗಾಳಿಯ ಅಳತೆಗಳ ಮೇಲೆ ನಿಂತಿತು. ಒಂದು ಸ್ಥಳದ ವಾಯುವಿನ ಒತ್ತಡವೆಂದರೆ ಅದರ ಮೇಲಿರುವ ಗಾಳಿಯ ಭಾರ. ಸ್ತಂಭದೊಳಗೆ ಬರುವ ಗಾಳಿಯೂ ಹೊರಗೆ ಹೋಗುವ ಗಾಳಿಯೂ ಬಹಳ ದೊಡ್ಡ ಮೊತ್ತಗಳು, ಅವುಗಳ ವ್ಯತ್ಯಾಸ ಬಹಳ ಚಿಕ್ಕದು. ಒಂದು ಕೆರೆಗೆ ಗಂಟೆಗೆ ಸಾವಿರ ಕೊಡ ನೀರು ಬಂದು, 999 ಕೊಡ ಕೋಡಿಯಲ್ಲಿ ಹರಿದುಹೋಗುವುದಾದರೆ ಉಳಿಯುವುದು ಒಂದೇ ಕೊಡ. ಬರುವ ನೀರನ್ನು ಅಳೆಯುವಾಗ ನೂರಕ್ಕೆ ಒಂದರಷ್ಟು ಹೆಚ್ಚಾದರೆ ಸಾಕು, ಒಂದು ಕೊಡದ ಬದಲು ಹನ್ನೊಂದು ಕೊಡ ಉಳಿದಂತೆ ಲೆಕ್ಕ ತೋರಿಸುತ್ತದೆ. ಬಲೂನುಗಳು ಕೆಲವೇ ಕೆಲವು. ಅವು ಅಳೆದ ಗಾಳಿಯಲ್ಲಿ ಇಂಥ ಸಣ್ಣ ದೋಷಗಳು ಸಹಜ. ಆರಂಭದ ಅಳತೆಗಳನ್ನು ಮೊದಲು ನಯಗೊಳಿಸಿಕೊಂಡು ಅನಂತರ ಲೆಕ್ಕಕ್ಕೆ ಹಾಕಬೇಕೆಂದು ರಿಚರ್ಡ್‌ಸನ್ ಗ್ರಂಥದ ಮುಂದಿನ ಅಧ್ಯಾಯದಲ್ಲಿ ಸೂಚಿಸಿ, ಅದಕ್ಕೆ ಹಲವು ಮಾರ್ಗಗಳನ್ನೂ ಹೇಳಿದರು.

ಅವರು ಬೆರಳು ತೋರಿಸಿದ ಮನೆ ಸರಿಯಾಗಿಯೇ ಇತ್ತು. ಒಳಗಿದ್ದ ಕಳ್ಳ ಪೂರ್ತಿಯಾಗಿ ಸಿಕ್ಕಿದುದು ಮುಂದಿನವರಿಗೆ. ಕೆರೆಯ ನೀರಿಗೆ ಕಲ್ಲೆಸೆದರೆ ಅಲೆಗಳೆದ್ದು, ತೇಲುವ ಎಲೆಯೊಂದು ಕ್ಷಣದಲ್ಲಿ ಗೇಣುದ್ದ ಏರಿ ಮರುಕ್ಷಣದಲ್ಲಿ ಇಳಿಯುತ್ತದೆ. ಏರುವ ಕ್ಷಣದ ವೇಗವನ್ನು ಅಳೆದು ಆರು ಗಂಟೆಗಳ ಕಾಲದಿಂದ ಗುಣಿಸಿದವನು ಕೆರೆ ಏರಿಯನ್ನು ಮೀರಿ ಹರಿಯುವುದೆಂದು ಹೇಳುತ್ತಾನೆ. ವಾಯುಮಂಡಲದಲ್ಲಿಯೂ ಹೀಗೆ ವೇಗವಾಗಿ ಓಡುವ ಅಲೆಗಳುಂಟು. ನಿಜವಾದ ವಾಯುಮಂಡಲದಲ್ಲಿ ಅವು ಸಣ್ಣವು. ಗಾಳಿಯೂ ಒತ್ತಡವೂ ಪರಸ್ಪರ ಹೊಂದದಂತೆ ಅಳತೆಗಳನ್ನು ಕೊಟ್ಟಾಗ ಲೆಕ್ಕದೊಳಗೆ ಅವು ದೊಡ್ಡದಾಗಿ ಏಳುತ್ತವೆ. ರಿಚರ್ಡ್‌ಸನ್ನರ ಲೆಕ್ಕ ಅಲೆಯ ಏರಿಕೆಯನ್ನು ಹವಾಮಾನದ ಬದಲಾವಣೆಯೆಂದು ಗ್ರಹಿಸಿತು.

ಇನ್ನೊಂದು ಗುಂಡಿಯೂ ಮುಂದೆ ಕಾದಿತ್ತು. 1928ರಲ್ಲಿ ಕೂರಾಂಟ್, ಫ್ರೀಡ್ರಿಕ್ಸ್, ಲೆವಿ ಎಂಬ ಮೂವರು ಗಣಿತಜ್ಞರು ಒಂದು ನಿಯಮವನ್ನು ಪ್ರಕಟಿಸಿದರು. ಇಂಥ ಲೆಕ್ಕದಲ್ಲಿ ಕಾಲದ ಒಂದು ಹೆಜ್ಜೆಯೊಳಗೆ ಅಲೆ ಸುಮಾರು ಒಂದು ಮನೆಗಿಂತ ಹೆಚ್ಚು ದೂರ ಓಡಬಾರದು. ಓಡಿದರೆ ತಪ್ಪು ಹೆಜ್ಜೆಹೆಜ್ಜೆಗೂ ಬೆಳೆದು ಲೆಕ್ಕವನ್ನು ನುಂಗಿಬಿಡುತ್ತದೆ. ವಾಯುಮಂಡಲದ ಅತಿವೇಗದ ಅಲೆ ಸೆಕೆಂಡಿಗೆ ಸುಮಾರು 300 ಮೀಟರ್ ಓಡುತ್ತದೆ. ಮೂರು ಗಂಟೆಗಳ ಹೆಜ್ಜೆಯಲ್ಲಿ ಅದು 3,000 ಕಿಲೋಮೀಟರಿಗೂ ಹೆಚ್ಚು ದೂರ ಹೋಗುತ್ತದೆ. ರಿಚರ್ಡ್‌ಸನ್ನರ ಮನೆಯ ಅಗಲ 200 ಕಿಲೋಮೀಟರ್. ಅವರು ಒಂದೇ ಹೆಜ್ಜೆಯಿಟ್ಟು ನಿಲ್ಲಿಸಿದುದರಿಂದ ಈ ದೋಷ ಅವರ ಲೆಕ್ಕದಲ್ಲಿ ತಲೆಯೆತ್ತಲಿಲ್ಲ. ಮುಂದುವರಿದಿದ್ದರೆ ಆರಂಭದ ಅಳತೆಗಳು ಎಷ್ಟೇ ಶುದ್ಧವಾಗಿದ್ದರೂ ಲೆಕ್ಕ ಒಡೆದುಹೋಗುತ್ತಿತ್ತು. ಸಾಲ್ವರ್ ನಿಂತುಹೋದಾಗ ಕಾಲದ ಹೆಜ್ಜೆಯನ್ನು ಚಿಕ್ಕದು ಮಾಡಿ ನೋಡುವ ಎಂಜಿನಿಯರು ಇದೇ ನಿಯಮವನ್ನು ಪಾಲಿಸುತ್ತಿರುತ್ತಾನೆ.

ರಿಚರ್ಡ್‌ಸನ್ ಈ ಶೋಧನೆಯನ್ನು ತಾವೇ ಮುಂದುವರಿಸಬಹುದಾಗಿತ್ತು. ಅದಕ್ಕೆ ಅಡ್ಡಬಂದುದು ಅವರ ಆತ್ಮಸಾಕ್ಷಿ. ಯುದ್ಧ ಮುಗಿದ ಮೇಲೆ 1919ರಲ್ಲಿ ಅವರು ಹವಾಮಾನ ಇಲಾಖೆಗೆ ಮರಳಿದ್ದರು. ಮರುವರ್ಷ ಆ ಇಲಾಖೆ ವಾಯುಪಡೆಯ ಸಚಿವಾಲಯದ ಕೈಕೆಳಗೆ ಬಂದಿತು. ಕೂಡಲೇ ಅವರು ರಾಜೀನಾಮೆ ಕೊಟ್ಟು, ಲಂಡನ್ನಿನ ಅಧ್ಯಾಪಕರ ತರಬೇತಿ ಕಾಲೇಜೊಂದರಲ್ಲಿ ಭೌತಶಾಸ್ತ್ರವನ್ನು ಕಲಿಸಲು ಹೋದರು. 1926ರಲ್ಲಿ ರಾಯಲ್ ಸೊಸೈಟಿ ಅವರನ್ನು ಸದಸ್ಯರನ್ನಾಗಿ ಚುನಾಯಿಸಿತು. ಆದರೆ ಗಾಳಿಯ ಸುಳಿಗಳನ್ನು ಕುರಿತ ತಮ್ಮ ಸಂಶೋಧನೆಯಲ್ಲಿ ಹೆಚ್ಚಿನ ಆಸಕ್ತಿ ತೋರಿಸುತ್ತಿದ್ದವರು ವಿಷಾನಿಲದ ತಜ್ಞರೆಂದು ಅವರಿಗೆ ತಿಳಿಯಿತು. ಅವರು ಆ ಅಧ್ಯಯನವನ್ನೇ ನಿಲ್ಲಿಸಿ, ಇನ್ನೂ ಪ್ರಕಟವಾಗದಿದ್ದ ಬರಹಗಳನ್ನು ನಾಶಮಾಡಿದರು. ತಪ್ಪಿದ ಲೆಕ್ಕವನ್ನು ಲೋಕದ ಮುಂದೆ ಹರಡಿದ ಕೈಗಳೇ ಸರಿಯಾಗಿದ್ದ ಲೆಕ್ಕಗಳನ್ನು ಹರಿದುಹಾಕಿದವು.

1929ರಲ್ಲಿ ಅವರು ಸ್ಕಾಟ್ಲೆಂಡಿನ ಪೇಸ್ಲಿ ನಗರದ ತಾಂತ್ರಿಕ ಕಾಲೇಜಿಗೆ ಪ್ರಾಂಶುಪಾಲರಾಗಿ ಹೋಗಿ, 1940ರವರೆಗೆ ಅಲ್ಲಿದ್ದರು. ಉಳಿದ ಆಯುಷ್ಯವನ್ನು ಯುದ್ಧಗಳು ಏಕೆ ಸಂಭವಿಸುತ್ತವೆ ಎಂಬುದನ್ನು ಗಣಿತದಿಂದ ಅರಿಯುವುದಕ್ಕೆ ಮುಡಿಪಾಗಿಟ್ಟರು. ದೇಶಗಳ ಗಡಿಯ ಉದ್ದಕ್ಕೂ ಯುದ್ಧಕ್ಕೂ ಸಂಬಂಧವುಂಟೇ ಎಂದು ಪರಿಶೀಲಿಸುವಾಗ ಒಂದು ವಿಚಿತ್ರ ಅವರ ಕಣ್ಣಿಗೆ ಬಿದ್ದಿತು. ಸ್ಪೇನ್ ಮತ್ತು ಪೋರ್ಚುಗಲ್ ದೇಶಗಳ ನಡುವಿನ ಒಂದೇ ಗಡಿಗೆ ಒಂದು ಕಡೆ 987 ಕಿಲೋಮೀಟರ್, ಇನ್ನೊಂದು ಕಡೆ 1,214 ಕಿಲೋಮೀಟರ್ ಎಂದು ಬರೆದಿತ್ತು. ಯಾರೂ ತಪ್ಪಿರಲಿಲ್ಲ. ಅಳೆಯುವ ಹೆಜ್ಜೆ ಚಿಕ್ಕದಾದಂತೆ ಗಡಿಯ ಅಂಕುಡೊಂಕುಗಳು ಲೆಕ್ಕಕ್ಕೆ ಸೇರಿ ಉದ್ದ ಬೆಳೆಯುತ್ತಲೇ ಹೋಗುತ್ತಿತ್ತು. ಚೌಕಳಿಯನ್ನು ಎಷ್ಟು ನಯಗೊಳಿಸಿದರೂ ಒಂದು ಉತ್ತರದಲ್ಲಿ ನಿಲ್ಲದ ರಾಶಿಗಳೂ ಪ್ರಕೃತಿಯಲ್ಲಿವೆ ಎಂಬುದು ಇದರಿಂದ ಹೊರಪಟ್ಟಿತು. ಅವರ ಮರಣಾನಂತರ ಇದರ ಮೇಲೆ ಗಣಿತದ ಒಂದು ಹೊಸ ಶಾಖೆಯೇ ಬೆಳೆಯಿತು.

1950ರಲ್ಲಿ ಅಮೆರಿಕದಲ್ಲಿ ಚಾರ್ನಿ, ಫ್ಯೋರ್ಟಾಫ್ಟ್, ಫಾನ್ ನಾಯ್ಮನ್ ಎಂಬ ವಿಜ್ಞಾನಿಗಳು ಎನಿಯಾಕ್ ಎಂಬ ಗಣಕಯಂತ್ರದಿಂದ ಹವಾಮಾನದ ಮುನ್ಸೂಚನೆಯನ್ನು ಮೊಟ್ಟಮೊದಲು ಲೆಕ್ಕ ಮಾಡಿದರು. ವೇಗದ ಅಲೆಗಳು ಏಳದಂತೆ ಅವರು ಸಮೀಕರಣಗಳನ್ನೇ ಸರಳಗೊಳಿಸಿದ್ದರು. ಒಂದು ದಿನದ ಮುನ್ಸೂಚನೆಗೆ ಯಂತ್ರದ ಬಳಿ ಸುಮಾರು ಒಂದು ದಿನವೇ ಹಿಡಿಯುತ್ತಿತ್ತು. ಚಾರ್ನಿ ಫಲಿತಾಂಶಗಳನ್ನು ವೃದ್ಧ ರಿಚರ್ಡ್‌ಸನ್ನರಿಗೆ ಕಳುಹಿಸಿದರು. ರಿಚರ್ಡ್‌ಸನ್ ಅಭಿನಂದಿಸಿ ಉತ್ತರ ಬರೆದರು. ಆದರೆ ಅದಕ್ಕೆ ಮೊದಲು ನಕ್ಷೆಗಳನ್ನು ಪತ್ನಿ ಡೊರೊಥಿಯ ಮುಂದೆ ಹರಡಿ, ಮರುದಿನದ ನಿಜವಾದ ನಕ್ಷೆಯನ್ನು ಹೆಚ್ಚಾಗಿ ಹೋಲುವುದು ಮುನ್ಸೂಚನೆಯ ನಕ್ಷೆಯೋ ಹಿಂದಿನ ದಿನದ ನಕ್ಷೆಯೋ ಎಂದು ಆಕೆಯಿಂದ ಪರೀಕ್ಷೆ ಮಾಡಿಸಿದರು. ಒಟ್ಟಿನಲ್ಲಿ ಮುನ್ಸೂಚನೆಯೇ ಸ್ವಲ್ಪ ಮೇಲೆಂದು ತೀರ್ಪು ಬಂದಿತು. 1953ರ ಸೆಪ್ಟೆಂಬರ್ 30ರಂದು ಸ್ಕಾಟ್ಲೆಂಡಿನ ಕಿಲ್ಮನ್ ಎಂಬ ಹಳ್ಳಿಯಲ್ಲಿ ರಿಚರ್ಡ್‌ಸನ್ ಕೊನೆಯುಸಿರೆಳೆದರು.

ಅವರ ಗ್ರಂಥದ 23 ನಮೂನೆಗಳು ಮಾತ್ರ ಹಾಗೆಯೇ ಉಳಿದಿದ್ದವು. 20ನೆಯ ಶತಮಾನದ ಕೊನೆಯ ದಶಕದಲ್ಲಿ ಐರ್ಲೆಂಡಿನ ಹವಾಮಾನ ವಿಜ್ಞಾನಿ ಪೀಟರ್ ಲಿಂಚ್ ಆ ಅಂಕಿಗಳನ್ನು ಗಣಕಯಂತ್ರಕ್ಕೆ ಕೊಟ್ಟು ಲೆಕ್ಕವನ್ನು ಮತ್ತೆ ಮೊದಲಿನಿಂದ ನಡೆಸಿದರು. ಉತ್ತರ 145 ಮಿಲಿಬಾರೇ ಬಂದಿತು. ಹುಲ್ಲಿನ ರಾಶಿಯ ಮೇಲೆ ಕುಳಿತು ಮಾಡಿದ ಅಂಕಗಣಿತದಲ್ಲಿ ಗಣನೆಗೆ ಬರುವಂಥ ತಪ್ಪು ಇರಲಿಲ್ಲ. ಬಳಿಕ ಅವರು ರಿಚರ್ಡ್‌ಸನ್ ಸೂಚಿಸಿದ್ದ ಜಾಡಿನಲ್ಲಿಯೇ ಆರಂಭದ ಅಳತೆಗಳನ್ನು ಸೋಸಿ, ವೇಗದ ಅಲೆಗಳನ್ನು ತೆಗೆದುಹಾಕಿ, ಮತ್ತೊಮ್ಮೆ ಅದೇ ಲೆಕ್ಕವನ್ನು ಮಾಡಿದರು. ಈ ಸಲ ಆರು ಗಂಟೆಗಳ ಬದಲಾವಣೆ ಒಂದು ಮಿಲಿಬಾರಿಗಿಂತಲೂ ಕಡಿಮೆಯೆಂದು ಬಂದಿತು. 1910ರ ಮೇ 20ರ ಬೆಳಗ್ಗೆ ದಕ್ಷಿಣ ಜರ್ಮನಿಯಲ್ಲಿ ಒತ್ತಡ ಹೆಚ್ಚುಕಡಿಮೆ ನಿಶ್ಚಲವಾಗಿಯೇ ಇತ್ತು.